ಇನ್ಸ್‌ಬ್ರುಕ್: ಎರಡು ಚಾರಣಗಳ ನಡುವೆ ಹಳೆಯ ಊರನ್ನು ನಡೆದು ನೋಡುವ ಬಗೆ

ಆಸ್ಟ್ರಿಯಾದ ಟಿರೋಲ್ ಪ್ರಾಂತದ ರಾಜಧಾನಿ ಇನ್ಸ್‌ಬ್ರುಕ್ ಸಮುದ್ರಮಟ್ಟದಿಂದ 574 ಮೀಟರ್ ಎತ್ತರದಲ್ಲಿದೆ. ಹಳೇ ಪೇಟೆಯ ಅಂಚಿನಲ್ಲಿ ಹುಂಗರ್‌ಬುರ್ಗ್‌ಬಾನ್ ಎಂಬ ಪುಟ್ಟ ಬೆಟ್ಟದ ರೈಲು ಹತ್ತಿ, ಮೇಲೆ ಕೇಬಲ್ ಕಾರಿಗೆ ಬದಲಾಯಿಸಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ 1,905 ಮೀಟರಿನ ಸೇಗ್ರೂಬೆ ತಲುಪುತ್ತೀರಿ. ನಮ್ಮ ಮುಳ್ಳಯ್ಯನಗಿರಿಯ ತುದಿ ಇರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಯುರೋಪಿನಲ್ಲಿ ಐನೂರು ವರ್ಷ ಹಳೆಯ ಪೇಟೆಯೂ ನಿಜವಾದ ಆಲ್ಪ್ಸ್ ಶಿಖರವೂ ಇಷ್ಟು ಒತ್ತಾಗಿ ಸಿಗುವ ಊರುಗಳು ಕಡಿಮೆ.

ಒತ್ತಾಗಿ ಇರುವುದರಿಂದಲೇ ಬಹಳ ಜನರ ಲೆಕ್ಕ ತಪ್ಪುತ್ತದೆ. ಒಂದು ದಿನ ಊರು, ಎರಡು ದಿನ ಬೆಟ್ಟ ಎಂದು ಮನೆಯಲ್ಲೇ ಕೂತು ತಾರೀಖು ಹಾಕಿಕೊಂಡು ಬರುತ್ತಾರೆ. ಊರಿನ ದಿನ ಆಕಾಶ ತಿಳಿಯಾಗಿರುತ್ತದೆ, ಬೆಟ್ಟದ ದಿನ ಮೋಡ ಕವಿಯುತ್ತದೆ. ಇಲ್ಲವೇ ಊರಿನ ದಿನ ಎಂಟು ಗಂಟೆ ಕಲ್ಲುಹಾಸಿನ ಮೇಲೆ ಅಲೆದು, ಮರುದಿನ ದಣಿದ ಕಾಲಲ್ಲಿ ಬೆಟ್ಟ ಹತ್ತುತ್ತಾರೆ. ನಮ್ಮ ಸಲಹೆ ಬೇರೆ. ಊರಿಗೆಂದು ಇಡೀ ದಿನ ಎತ್ತಿಡಬೇಡಿ. ಊರನ್ನು ಎರಡೆರಡು ಗಂಟೆಯ ತುಂಡು ಮಾಡಿ ಕೈಯಲ್ಲಿಟ್ಟುಕೊಳ್ಳಿ. ಯಾವ ತುಂಡು ಯಾವತ್ತು ಎಂಬುದನ್ನು ಹವಾಮಾನವೂ ನಿಮ್ಮ ಮಂಡಿಗಳೂ ತೀರ್ಮಾನಿಸಲಿ. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ನಾಲ್ಕು ಗಂಟೆಗೆ ಬೆಟ್ಟ ಇಳಿದು ಬಂದರೂ ಬೀದಿ ಸುತ್ತಲು ಬೇಕಾದಷ್ಟು ಬೆಳಕಿರುತ್ತದೆ.

ದಿನಗಳನ್ನು ಹೊಂದಿಸುವುದು

ಐದು ರಾತ್ರಿ ಉಳಿದರೆ ಎರಡು ದೊಡ್ಡ ಚಾರಣ ಮಾಡಿ, ಊರನ್ನೂ ನೋಡಿ, ಒಂದು ದಿನ ಮಳೆಗೆ ಬಿಟ್ಟುಕೊಡಬಹುದು. ನಾಲ್ಕಾದರೂ ನಡೆಯುತ್ತದೆ. ಮೂರೇ ಇದ್ದರೆ ಒಂದೇ ಬೆಟ್ಟ ಇಟ್ಟುಕೊಳ್ಳಿ. ಎತ್ತರದ ದಾರಿಗಳಿಗೆ ಜುಲೈಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ, ಜೂನ್‌ನಲ್ಲಿ ಉತ್ತರದ ಗೋಡೆಗಳ ನೆರಳಿನಲ್ಲಿ ಹಿಮ ಇನ್ನೂ ಉಳಿದಿರುತ್ತದೆ. ವಸಂತದಲ್ಲೂ ನವೆಂಬರಿನಲ್ಲೂ ಕೇಬಲ್ ಕಾರುಗಳನ್ನು ದುರಸ್ತಿಗೆಂದು ಕೆಲವು ವಾರ ನಿಲ್ಲಿಸುತ್ತಾರೆ. ಟಿಕೆಟ್ ಕಾಯ್ದಿರಿಸುವ ಮೊದಲು ಆ ದಿನಾಂಕಗಳನ್ನು ನೋಡಿಕೊಳ್ಳಿ.

ಚಾರಣದ ನೋವಿನ ಬಗ್ಗೆ ಒಂದು ಮಾತು ತಿಳಿದಿದ್ದರೆ ಯೋಜನೆ ಅರ್ಧ ಸರಿಹೋದಂತೆ. ಕಾಲು ಹಿಡಿಯುವುದು ಹತ್ತುವಾಗಲ್ಲ, ಇಳಿಯುವಾಗ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆಹಿಡಿಯುತ್ತಲೇ ಹಿಗ್ಗಬೇಕಾಗುತ್ತದೆ. ಒಳಗೆ ಸೂಕ್ಷ್ಮ ಪೆಟ್ಟಾಗುವುದು ಅಲ್ಲೇ. ಆ ನೋವು ಕಾಣಿಸಿಕೊಳ್ಳುವುದು ತಡವಾಗಿ, 24ರಿಂದ 72 ಗಂಟೆಗಳ ನಡುವೆ. ಇಳಿದ ಮರುದಿನಕ್ಕಿಂತ ಅದರ ಮರುದಿನವೇ ಹಲವರಿಗೆ ಹೆಚ್ಚು ಕಷ್ಟ. ಹಾಗಾಗಿ ದೊಡ್ಡ ಇಳಿಜಾರಿನ ನಂತರ ಎರಡು ದಿನ ಮೆಟ್ಟಿಲು, ಗೋಪುರ ಬೇಡ. ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ನಡೆಯುವುದರಿಂದ ಬಿಗಿ ಸಡಿಲವಾಗುತ್ತದೆ, ಇನ್ ನದಿಯ ದಂಡೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಊರಿನ ದಿನದ ನಡಿಗೆ ಒಟ್ಟು 6ರಿಂದ 8 ಕಿ.ಮೀ. ದಾಟದಿರಲಿ. ಮ್ಯೂಸಿಯಮ್ಮಿನಲ್ಲಿ ನಿಂತು ನಿಂತು ನೋಡುವುದು ನಡಿಗೆಗಿಂತ ಹೆಚ್ಚು ದಣಿಸುತ್ತದೆ, ಮುಕ್ಕಾಲು ಗಂಟೆಗೊಮ್ಮೆ ಕೂರಿ.

ಹವಾಮಾನವನ್ನು ಹಿಂದಿನ ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ನೋಡಿ. ಆಸ್ಟ್ರಿಯಾದ ಸರ್ಕಾರಿ ಸಂಸ್ಥೆ ಜಿಯೋಸ್ಫಿಯರ್ ಆಸ್ಟ್ರಿಯಾ ಕೊಡುವ ಮುನ್ಸೂಚನೆ ನಂಬಬಹುದಾದದ್ದು. ಚಾರಣಿಗರ ಸಂಘವಾದ ಆಲ್ಪೈನ್ ಕ್ಲಬ್ಬಿನ ಬೆಟ್ಟದ ಹವಾಮಾನವೂ ಸಿಗುತ್ತದೆ. ಫೋನಿನಲ್ಲಿ ತಾನೇ ಬರುವ ಸೂರ್ಯ-ಮೋಡದ ಚಿತ್ರ ಕಣಿವೆಯ ತಳದ್ದು, 2,300 ಮೀಟರಿನದ್ದಲ್ಲ. ಆಮೇಲೆ ಹೀಗೆ ನಿರ್ಧರಿಸಿ:

1. ಬೆಳಿಗ್ಗೆ ತಿಳಿ, ಇಡೀ ದಿನ ಗುಡುಗಿನ ಮಾತಿಲ್ಲ ಎಂದರೆ ಉದ್ದದ ಚಾರಣ.
2. ಮಧ್ಯಾಹ್ನದ ಮೇಲೆ ಗುಡುಗು ಎಂದರೆ ಮೊದಲ ಕೇಬಲ್ ಕಾರಿನಲ್ಲಿ ಹೋಗಿ, ಸಣ್ಣ ಶಿಖರ ನೋಡಿ, ಮಧ್ಯಾಹ್ನ ಒಂದರೊಳಗೆ ಕೆಳಗೆ ಬನ್ನಿ. ಸಂಜೆ ಊರು. ಬೇಸಿಗೆಯಲ್ಲಿ ಹೆಚ್ಚಿನ ದಿನಗಳು ಹೀಗೇ.
3. ದಿನವಿಡೀ ಮಳೆ ಎಂದರೆ ಅರಮನೆಯ ಚರ್ಚಾದ ಹೋಫ್‌ಕಿರ್ಖೆ ಮತ್ತು ಅದರ ಪಕ್ಕದ ಮ್ಯೂಸಿಯಂ. ಈ ತುಂಡನ್ನು ಬಿಸಿಲಿನ ದಿನ ಖರ್ಚು ಮಾಡಬೇಡಿ.
4. ಫ್ಯೋನ್ ಗಾಳಿ ಎಂದರೆ ಆಂಬ್ರಾಸ್ ಅರಮನೆ ಅಥವಾ ಹಾಲ್ ಪಟ್ಟಣ.

ಫ್ಯೋನ್ ಎಂದರೆ ದಕ್ಷಿಣದಿಂದ ಬ್ರೆನ್ನರ್ ಕಣಿವೆಯ ಮೂಲಕ ನುಗ್ಗುವ ಬೆಚ್ಚನೆಯ ಒಣಗಾಳಿ. ಅದು ಬಂದ ದಿನ ಗಾಳಿ ಎಷ್ಟು ಶುಭ್ರವಾಗಿರುತ್ತದೆಂದರೆ ಬೆಟ್ಟಗಳು ಕೈಗೆ ಸಿಗುವಷ್ಟು ಹತ್ತಿರ ಬಂದಂತೆ ಕಾಣುತ್ತವೆ, ಮೇಲೆ ಮಸೂರದಾಕಾರದ ಮೋಡಗಳು ಕದಲದೆ ನಿಂತಿರುತ್ತವೆ. ಹೊಸಬರಿಗೆ ಇದು ಚಾರಣಕ್ಕೆ ಪ್ರಶಸ್ತ ದಿನ ಅನ್ನಿಸಿಬಿಡುತ್ತದೆ. ಮೇಲೆ ನಿಲ್ಲಲಾಗದಂಥ ಗಾಳಿ ಇರುತ್ತದೆ, ಕೇಬಲ್ ಕಾರುಗಳು ನಿಂತುಹೋಗುತ್ತವೆ. ಸ್ಥಳೀಯರಲ್ಲೂ ಅನೇಕರು ಆ ದಿನ ತಲೆನೋವು ಎನ್ನುತ್ತಾರೆ. ಫ್ಯೋನ್ ಬಿದ್ದ ಮೇಲೆ ಸಾಮಾನ್ಯವಾಗಿ ಚಳಿ, ಮಳೆ.

ಹೊರಡುವ ಮುನ್ನ ಮಾಡಬೇಕಾದ್ದು

ಬೂಟು ಮೊದಲು. ಕರಾವಳಿ, ಮಲೆನಾಡಿನಂಥ ತೇವದ ಊರಲ್ಲಿ ಮೂರು ನಾಲ್ಕು ವರ್ಷ ಕಪಾಟಿನಲ್ಲಿದ್ದ ಚಾರಣದ ಬೂಟು ನೋಡಲು ಹೊಸದರಂತೆಯೇ ಇರುತ್ತದೆ. ಆದರೆ ಅಟ್ಟೆಯ ಮಧ್ಯದ ಪಾಲಿಯುರಿಥೇನ್ ಪದರ ತೇವಾಂಶಕ್ಕೆ ನಿಧಾನವಾಗಿ ಶಿಥಿಲವಾಗುತ್ತದೆ. ಬೆಟ್ಟದ ಮೇಲೆ ಎರಡನೇ ಗಂಟೆಯಲ್ಲಿ ಇಡೀ ಅಟ್ಟೆ ಕಿತ್ತು ಬರುವುದು ಇದರಿಂದಲೇ. ಅಂಟು ಹಾಕಿಸಿದರೆ ಸರಿಹೋಗದು. ಹೊರಡುವ ತಿಂಗಳ ಮುಂಚೆ ಅಟ್ಟೆಯ ಬದಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಪುಡಿ ಉದುರಿದರೆ, ಸಣ್ಣ ಬಿರುಕು ಕಂಡರೆ ಆ ಬೂಟು ಬೇಡ. ಸರಿ ಇದ್ದರೂ ಹತ್ತು ಕಿ.ಮೀ. ಊರಲ್ಲೇ ನಡೆದು ನೋಡಿ. ಊರು ಸುತ್ತಲು ಬೇರೆ ಜೊತೆ ಇರಲಿ, ಮೆತ್ತನೆ ಅಟ್ಟೆಯ ಮಾಮೂಲಿ ಶೂ ಸಾಕು. ಒದ್ದೆಯಾದ ಬೂಟಿನ ಒಳಗೆ ಹಳೇ ಪತ್ರಿಕೆ ಉಂಡೆ ಮಾಡಿ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ. ಹೀಟರ್ ಮೇಲೆ ಇಟ್ಟರೆ ಅಂಟು ಬಿಡುತ್ತದೆ.

ವಿಮೆ ಎರಡನೆಯದು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅದನ್ನು ಮಾಡಿಸಿದ ಮಾತ್ರಕ್ಕೆ ಬೆಟ್ಟದ ರಕ್ಷಣೆ ಅದರಲ್ಲಿ ಸೇರಿತು ಎಂದಲ್ಲ. ಆಸ್ಟ್ರಿಯಾದಲ್ಲಿ ವಿಹಾರಕ್ಕೆಂದು ಬೆಟ್ಟ ಹತ್ತಿ ಗಾಯಗೊಂಡವರನ್ನು ಹೆಲಿಕಾಪ್ಟರಿನಲ್ಲಿ ಇಳಿಸಿದರೆ ಅದರ ಬಿಲ್ಲು ಗಾಯಾಳುವಿಗೇ ಬರಬಹುದು, ಅದೂ ಸಾವಿರಾರು ಯೂರೋ. ಪಾಲಿಸಿಯಲ್ಲಿ ಟ್ರೆಕ್ಕಿಂಗ್, ಹುಡುಕಾಟ ಮತ್ತು ರಕ್ಷಣೆ ಎಂಬ ಪದಗಳು ಇವೆಯೇ, ಎತ್ತರದ ಮಿತಿ ಎಷ್ಟು ಎಂದು ಓದಿ. ಆಸ್ಟ್ರಿಯನ್ ಆಲ್ಪೈನ್ ಕ್ಲಬ್ಬಿನ ಸದಸ್ಯತ್ವದ ಜೊತೆಗೆ ರಕ್ಷಣಾ ವಿಮೆ ಬರುತ್ತದೆ, ಕ್ಲಬ್ಬಿನ ತಂಗುಮನೆಗಳಲ್ಲಿ ಮಲಗಲು ರಿಯಾಯಿತಿಯೂ ಸಿಗುತ್ತದೆ.

ಕೋಣೆಯನ್ನು ರೈಲು ನಿಲ್ದಾಣಕ್ಕೂ ಹಳೇ ಪೇಟೆಗೂ ನಡುವೆ ಹಿಡಿಯಿರಿ. ಎರಡೂ ಹತ್ತು-ಹದಿನೈದು ನಿಮಿಷದ ನಡಿಗೆ. ಎರಡು ರಾತ್ರಿ ಅಥವಾ ಹೆಚ್ಚು ಉಳಿಯುವವರಿಗೆ ಯೋಜನೆಯಲ್ಲಿ ಸೇರಿದ ಹೋಟೆಲುಗಳು ವೆಲ್ಕಮ್ ಕಾರ್ಡ್ ಎಂಬುದನ್ನು ಪುಕ್ಕಟೆ ಕೊಡುತ್ತವೆ, ಅದರಲ್ಲಿ ಬಸ್ಸು-ಟ್ರಾಮು ಓಡಾಟ ಬರುತ್ತದೆ. ಕೊಡದಿದ್ದರೆ ಕೇಳಿ. ಇನ್ಸ್‌ಬ್ರುಕ್ ಕಾರ್ಡ್ ಬೇರೆ: 24, 48, 72 ಗಂಟೆಯ ಅವಧಿಗೆ ದುಡ್ಡು ಕೊಟ್ಟು ಕೊಳ್ಳುವಂಥದ್ದು, ಮ್ಯೂಸಿಯಂಗಳು, ಅರಮನೆ, ಬಸ್ಸು, ಕೇಬಲ್ ಕಾರಿನಲ್ಲಿ ಒಮ್ಮೆ ಹೋಗಿಬರುವುದು ಎಲ್ಲ ಸೇರಿದೆ. ಗಂಟೆಯ ಲೆಕ್ಕ ಮೊದಲ ಬಳಕೆಯಿಂದ ಶುರುವಾಗುತ್ತದೆ. ಮಳೆಯ ದಿನ ಹನ್ನೊಂದಕ್ಕೆ ಹೋಫ್‌ಕಿರ್ಖೆಯಲ್ಲಿ ಕಾರ್ಡ್ ಶುರು ಮಾಡಿ, ಮರುದಿನ ಆಕಾಶ ತಿಳಿಯಾದರೆ ಬೆಳಿಗ್ಗೆ ಮೊದಲ ಕೇಬಲ್ ಕಾರು ಹಿಡಿದರೆ 24 ಗಂಟೆಯ ಕಾರ್ಡಿನಲ್ಲೇ ಊರೂ ಬೆಟ್ಟವೂ ಮುಗಿಯುತ್ತವೆ.

ಮೊದಲ ತುಂಡು: ಬಂದ ಸಂಜೆಯ ಎರಡು ಗಂಟೆ

ಇದನ್ನು ಬಂದ ದಿನವೇ ಮಾಡಿ, ಕಾಲು ತಾಜಾ ಇರುವಾಗ. ಒಟ್ಟು ಮೂರು ಕಿ.ಮೀ. ಒಳಗೆ, ಬಹುತೇಕ ಸಮತಟ್ಟು.

ರೈಲು ನಿಲ್ದಾಣದಿಂದ ಸಾಲುರ್ನರ್ ಸ್ಟ್ರಾಸ್ಸೆ ಹಿಡಿದು ನೇರ ನಡೆದರೆ ಟ್ರಿಯುಂಫ್‌ಫೋರ್ಟೆ ಎಂಬ ಕಮಾನು ಎದುರಾಗುತ್ತದೆ. 1765ರಲ್ಲಿ ರಾಜಕುಮಾರ ಲಿಯೋಪೋಲ್ಡ್ ಸ್ಪೇನಿನ ರಾಜಕುಮಾರಿಯನ್ನು ಇದೇ ಊರಲ್ಲಿ ಮದುವೆಯಾದ. ಸಂಭ್ರಮ ನಡೆಯುತ್ತಿರುವಾಗಲೇ ಆಗಸ್ಟ್ 18ರಂದು ಅವನ ತಂದೆ, ಚಕ್ರವರ್ತಿ ಒಂದನೇ ಫ್ರಾನ್ಸಿಸ್ ತೀರಿಕೊಂಡ. ಕಮಾನಿನ ದಕ್ಷಿಣ ಮುಖದಲ್ಲಿ ಮದುವೆಯ ಶಿಲ್ಪ, ಉತ್ತರ ಮುಖದಲ್ಲಿ ಸಾವಿನದು. ಹೆಚ್ಚಿನವರು ಒಂದೇ ಮುಖ ನೋಡಿ ಮುಂದೆ ಹೋಗುತ್ತಾರೆ. ಸುತ್ತು ಹಾಕಿ ಎರಡನ್ನೂ ನೋಡಿ.

ಇಲ್ಲಿಂದ ಉತ್ತರಕ್ಕೆ ಮರಿಯಾ ತೆರೇಸಿಯನ್ ಸ್ಟ್ರಾಸ್ಸೆ. ಬೀದಿಯ ತುದಿಗೆ ನೋರ್ಡ್‌ಕೆಟ್ಟೆ ಪರ್ವತದ ಬೂದು ಗೋಡೆ ಎದ್ದು ನಿಂತಿರುತ್ತದೆ. ನಾಳೆ ಹತ್ತುವ ಬೆಟ್ಟವನ್ನು ಇಲ್ಲಿಂದಲೇ ಓದಿಕೊಳ್ಳಿ: ಮರಗಳ ಗೆರೆ ಎಲ್ಲಿ ಮುಗಿಯುತ್ತದೆ, ಬಿಳಿ ಪಟ್ಟಿ ಇನ್ನೂ ಎಲ್ಲಿದೆ. ಮಧ್ಯದಲ್ಲಿ ಅನ್ನಾಸೋಯ್ಲೆ ಕಂಬ. ಬವೇರಿಯಾದ ಸೈನ್ಯ 1703ರ ಜುಲೈ 26ರಂದು, ಸಂತ ಆನ್ನಳ ದಿನ, ಟಿರೋಲ್ ಬಿಟ್ಟು ತೊಲಗಿದ ನೆನಪಿಗೆ 1706ರಲ್ಲಿ ನಿಲ್ಲಿಸಿದ್ದು.

ಬೀದಿಯ ಕೊನೆಗೆ ಟ್ರಾಮು ಅಡ್ಡ ಹಾಯುವ ರಸ್ತೆ ಬರುತ್ತದೆ. ಹಿಂದೆ ಕೋಟೆಯ ಕಂದಕ ಇದ್ದ ಜಾಗ ಅದು. ದಾಟಿದರೆ ಹಳೇ ಪೇಟೆ. ಕಮಾನಿನ ಮೊಗಸಾಲೆಗಳು ಶುರುವಾಗುತ್ತವೆ, ಮಳೆ ಬಂದರೂ ನೆನೆಯದೆ ನಡೆಯಬಹುದು. ಇಲ್ಲಿನ ಹಳೆಯ ಕಂಬಗಳ ಬುಡ, ಬಾಗಿಲ ಚೌಕಟ್ಟುಗಳ ಹತ್ತಿರ ಹೋಗಿ ನೋಡಿ. ಕೆಂಪು ಮಿಶ್ರಿತ ಕಲ್ಲಿನೊಳಗೆ ಬೇರೆ ಬೇರೆ ಬಣ್ಣದ ಚೂಪು ಚೂರುಗಳು ಒಟ್ಟಿಗೆ ಬೆಸೆದುಕೊಂಡಿವೆ. ಇದು ಹ್ಯೋಟಿಂಗ್ ಬ್ರೆಕ್ಸಿಯಾ, ನೋರ್ಡ್‌ಕೆಟ್ಟೆಯ ಇಳಿಜಾರಿನಿಂದ ಉದುರಿದ ಜಲ್ಲಿ ಕಾಲಕ್ರಮದಲ್ಲಿ ಕಲ್ಲಾಗಿದ್ದು. ಗಣಿ ಇದ್ದದ್ದು ನೀವು ನಾಳೆ ರೈಲಿನಲ್ಲಿ ಏರುವ ಅದೇ ಇಳಿಜಾರಿನಲ್ಲಿ. ಮೇಲೆ ಕಾಲಡಿ ಜಾರುವ ಸಡಿಲ ಜಲ್ಲಿಯನ್ನು ನೋಡಿದಾಗ ಈ ಕಂಬಗಳು ಎಲ್ಲಿಂದ ಬಂದವೆಂದು ತಿಳಿಯುತ್ತದೆ.

ಬೀದಿ ಮುಗಿಯುವಲ್ಲಿ ಗೋಲ್ಡನೆಸ್ ಡಾಖ್ಲ್, ಅಂದರೆ ಚಿನ್ನದ ಮಾಡು. ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್ನನಿಗಾಗಿ ಕಟ್ಟಿದ ಈ ಉಪ್ಪರಿಗೆ 1500ರಲ್ಲಿ ಮುಗಿಯಿತು. ಮಾಡಿಗೆ ಹೊದಿಸಿರುವುದು 2,657 ತಾಮ್ರದ ಹೆಂಚು, ಮೇಲೆ ಚಿನ್ನದ ಲೇಪ. ಮೊದಲ ನೋಟಕ್ಕೆ ಇಷ್ಟು ಚಿಕ್ಕದೇ ಅನ್ನಿಸುತ್ತದೆ. ಮಾಡನ್ನು ಬಿಟ್ಟು ಅದರ ಕೆಳಗಿನ ಕಲ್ಲಿನ ಫಲಕಗಳಿಗೆ ಕಣ್ಣು ಹಾಯಿಸಿ: ಒಂದರಲ್ಲಿ ಮ್ಯಾಕ್ಸಿಮಿಲಿಯನ್ ತನ್ನ ಇಬ್ಬರು ಹೆಂಡಿರ ಜೊತೆಗಿದ್ದಾನೆ, ಸುತ್ತಲಿನ ಫಲಕಗಳಲ್ಲಿ ಮೈ ತಿರುಚಿ ಕುಣಿಯುವ ಕುಣಿತಗಾರರು. ಬೈನಾಕ್ಯುಲರ್ ಇದ್ದರೆ ಬೆಟ್ಟಕ್ಕಿಂತ ಇಲ್ಲೇ ಹೆಚ್ಚು ಉಪಯೋಗ.

ಹತ್ತಿರದಲ್ಲೇ ನಗರ ಗೋಪುರ, ಸ್ಟಾಟ್‌ಟುರ್ಮ್. ಎತ್ತರ 51 ಮೀಟರ್. 133 ಮೆಟ್ಟಿಲು ಹತ್ತಿದರೆ 31 ಮೀಟರಿನಲ್ಲಿ ಸುತ್ತುಬಾಲ್ಕನಿ. ಹತ್ತುವುದಾದರೆ ಇವತ್ತೇ ಹತ್ತಿ. ಮೇಲೆ ನಿಂತು ದಕ್ಷಿಣಕ್ಕೆ ತಿರುಗಿದರೆ ದುಂಡು ತಲೆಯ ಪಾಚರ್‌ಕೋಫೆಲ್, ಅದರ ಬಲಕ್ಕೆ ಬೆರ್ಗೀಸೆಲ್ ಗುಡ್ಡದ ಮೇಲೆ ವಾಸ್ತುಶಿಲ್ಪಿ ಜಹಾ ಹದೀದ್ ವಿನ್ಯಾಸ ಮಾಡಿದ ಸ್ಕೀ ಜಿಗಿತದ ಗೋಪುರ, ಅದರಾಚೆ ಬ್ರೆನ್ನರಿಗೆ ಹೋಗುವ ಕಣಿವೆ. ಇಟಲಿಯಿಂದ ಆಲ್ಪ್ಸ್ ದಾಟುವ ದಾರಿಗಳಲ್ಲಿ ಸುಲಭದ ದಾರಿ ಬ್ರೆನ್ನರ್. ಆ ದಾರಿ ಇನ್ ನದಿಯನ್ನು ಸೇತುವೆಯಿಂದ ದಾಟುವ ಜಾಗದಲ್ಲಿ ಊರು ಬೆಳೆಯಿತು, 1420ರಲ್ಲಿ ಟಿರೋಲಿನ ದೊರೆಗಳು ಮೆರಾನೊದಿಂದ ತಮ್ಮ ವಾಸವನ್ನು ಇಲ್ಲಿಗೆ ಬದಲಾಯಿಸಿದರು. ಈ ಬಾಲ್ಕನಿಯಲ್ಲಿ ಹತ್ತು ನಿಮಿಷ ನಿಂತರೆ ಊರಿನ ನಕ್ಷೆ ತಲೆಯಲ್ಲಿ ಕೂರುತ್ತದೆ, ಮುಂದಿನ ದಿನಗಳಲ್ಲಿ ಫೋನು ತೆಗೆಯುವ ಅಗತ್ಯವೇ ಕಡಿಮೆ.

ಇಳಿದು ಬಂದು ಎದುರಿನ ಹೆಲ್ಬ್ಲಿಂಗ್‌ಹೌಸಿನ ಗಾರೆಯ ಹೂಬಳ್ಳಿಗಳನ್ನು ನೋಡಿ, ಪಶ್ಚಿಮಕ್ಕೆ ತಿರುಗಿ ಇನ್ ಸೇತುವೆಗೆ ನಡೆಯಿರಿ. ಆಚೆ ದಡದ ಬಣ್ಣದ ಮನೆಗಳ ಸಾಲೇ ಮರಿಯಾಹಿಲ್ಫ್. ಅವುಗಳ ಮುಖ ಆಗ್ನೇಯಕ್ಕೆ. ಸಂಜೆ ಬಿಸಿಲು ಹಿಂದಿನಿಂದ ಬೀಳುವುದರಿಂದ ಚಿತ್ರ ಕಪ್ಪಾಗುತ್ತದೆ. ಫೋಟೋ ಬೇಕಾದರೆ ಯಾವುದಾದರೂ ಬೆಳಿಗ್ಗೆ ಒಂಬತ್ತರೊಳಗೆ ಮಾರುಕಟ್ಟೆಯ ಬದಿಯ ದಡದಿಂದ ತೆಗೆಯಿರಿ. ಮಳೆ ಬಿದ್ದಾಗ ಪೇಟೆಯ ಕಲ್ಲುಹಾಸು ಜಾರುತ್ತದೆ, ಸವೆದ ಅಟ್ಟೆಯ ಚಪ್ಪಲಿ ಬೇಡ.

ನೋರ್ಡ್‌ಕೆಟ್ಟೆಯ ದಿನ

ಹುಂಗರ್‌ಬುರ್ಗ್‌ಬಾನ್ ಹೊರಡುವುದು ಕಾಂಗ್ರೆಸ್ ನಿಲ್ದಾಣದಿಂದ, ಹೋಫ್‌ಬುರ್ಗ್ ಅರಮನೆಯ ಹಿಂಬದಿ. 2007ರಲ್ಲಿ ಶುರುವಾದ ಇದರ ಗಾಜಿನ ನಿಲ್ದಾಣಗಳೂ ಜಹಾ ಹದೀದರವೇ. ಮೇಲಿನ ಕೇಬಲ್ ಕಾರು ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಶುರು. ಮೊದಲ ಎರಡು ಕ್ಯಾಬಿನ್ನಿನಲ್ಲಿ ಹೋದವರಿಗೆ ಜನಸಂದಣಿಯೂ ಇಲ್ಲ, ಮೋಡವೂ ಕಡಿಮೆ. ಸೇಗ್ರೂಬೆಯಿಂದ ಮತ್ತೊಂದು ಕ್ಯಾಬಿನ್ ಹಾಫೆಲೆಕಾರ್ ನಿಲ್ದಾಣಕ್ಕೆ ಹೋಗುತ್ತದೆ, ಸುಮಾರು 2,260 ಮೀಟರ್. ಅಲ್ಲಿಂದ ಕಾಲು ಗಂಟೆ ನಡೆದರೆ 2,334 ಮೀಟರಿನ ಶಿಖರ. ಗುಡುಗಿನ ಮುನ್ಸೂಚನೆ ಇದ್ದ ದಿನ ಇಷ್ಟಕ್ಕೇ ನಿಲ್ಲಿಸಿ.

ಪೂರ್ತಿ ದಿನ ಸಿಕ್ಕರೆ ಗೋಥೆವೇಗ್ ಹಿಡಿಯಿರಿ. ಹಾಫೆಲೆಕಾರ್‌ನಿಂದ ಪೂರ್ವಕ್ಕೆ ಪರ್ವತದ ಬೆನ್ನಿನ ಪಕ್ಕದಲ್ಲೇ ಸಾಗಿ, ಮಾಂಡ್ಲ್‌ಷಾರ್ಟೆ ಕಣಿವೆಬಾಯಿ ದಾಟಿ, 1,922 ಮೀಟರಿನ ಫೈಸ್‌ಹ್ಯುಟ್ಟೆ ತಂಗುಮನೆ ತಲುಪುವ ದಾರಿ. ಒಂದು ಬದಿಗೆ ಎರಡರಿಂದ ಎರಡೂವರೆ ಗಂಟೆ. ಹಿಂತಿರುಗುವಾಗ ಏರುವುದೇ ಹೆಚ್ಚು ಎಂಬುದನ್ನು ಮರೆಯಬೇಡಿ. ಇಳಿಯುವ ಕೊನೆಯ ಕ್ಯಾಬಿನ್ ಸಂಜೆ ಐದರ ಆಸುಪಾಸು. ಆ ದಿನದ ಸಮಯ ನಿಲ್ದಾಣದ ಬೋರ್ಡಿನಲ್ಲಿ ಇರುತ್ತದೆ, ಫೋಟೋ ತೆಗೆದಿಟ್ಟುಕೊಳ್ಳಿ. ತಂಗುಮನೆಯಿಂದ ಒಂದೂವರೆಗೆ ಹೊರಟುಬಿಡಿ.

ಹಳದಿ ಬೋರ್ಡುಗಳ ಮೇಲಿನ ಸಮಯ ಬರೀ ನಡಿಗೆಯದು, ವಿಶ್ರಾಂತಿ ಸೇರಿಲ್ಲ. ಅದರ ಲೆಕ್ಕ ನೀವೇ ಹಾಕಬಹುದು. ಸಮತಟ್ಟಿಗೆ ಗಂಟೆಗೆ 4 ಕಿ.ಮೀ., ಏರಲು ಗಂಟೆಗೆ 300 ಮೀಟರ್, ಇಳಿಯಲು 500 ಮೀಟರ್. ದೂರದ ಸಮಯ, ಎತ್ತರದ ಸಮಯ ಬೇರೆ ಬೇರೆ ತೆಗೆದು, ದೊಡ್ಡದಕ್ಕೆ ಚಿಕ್ಕದರ ಅರ್ಧ ಕೂಡಿಸಿ. ಆರು ಕಿ.ಮೀ. ದೂರ, 600 ಮೀಟರ್ ಏರು ಎಂದರೆ ಒಂದೂವರೆ ಗಂಟೆ ಮತ್ತು ಎರಡು ಗಂಟೆ. ಒಟ್ಟು 2 ಗಂಟೆ 45 ನಿಮಿಷ. ವಾರಕ್ಕೊಮ್ಮೆ ನಡೆಯುವ ಅಭ್ಯಾಸದವರು ಇದರ ಮೇಲೆ ಮೂರನೇ ಒಂದು ಪಾಲು ಸೇರಿಸಿಕೊಳ್ಳಲಿ. ಬೋರ್ಡಿನಲ್ಲಿ ಕೆಂಪು ಚುಕ್ಕೆ ಎಂದರೆ ಮಧ್ಯಮ ಕಷ್ಟದ ಬೆಟ್ಟದ ದಾರಿ, ಕಪ್ಪು ಎಂದರೆ ಕಡಿದಾದ, ಕೈ ಊರಿ ನಡೆಯಬೇಕಾದ, ಬಿದ್ದರೆ ಅಪಾಯವಾಗುವ ದಾರಿ. ಕಪ್ಪು ಚುಕ್ಕೆಯ ದಾರಿಗೆ ಅಭ್ಯಾಸವಿಲ್ಲದೆ ಹೋಗಬೇಡಿ.

ನೋರ್ಡ್‌ಕೆಟ್ಟೆ ಸುಣ್ಣಕಲ್ಲಿನ ಪರ್ವತ. ಬಿದ್ದ ನೀರನ್ನು ಬಿರುಕುಗಳಲ್ಲಿ ನುಂಗಿಬಿಡುತ್ತದೆ, ಮೇಲೆ ಝರಿ ಸಿಗುವುದು ಅಪರೂಪ. ಆ ನೀರೇ ಕೆಳಗೆ ಮ್ಯುಹ್ಲಾವ್‌ನಲ್ಲಿ ಚಿಲುಮೆಯಾಗಿ ಹೊರಬಂದು ಇಡೀ ಊರಿನ ನಲ್ಲಿಗೆ ಹರಿಯುತ್ತದೆ. ಹೋಟೆಲಿನ ನಲ್ಲಿಯಲ್ಲೇ ತಲಾ ಎರಡು ಲೀಟರ್ ತುಂಬಿಕೊಂಡು ಹೊರಡಿ, ಬಾಟಲಿ ನೀರಿಗೆ ದುಡ್ಡು ದಂಡ. ನೆರಳಿಲ್ಲದ ದಾರಿ, ಟೋಪಿ, ಸನ್‌ಸ್ಕ್ರೀನ್ ಚಳಿ ಇದ್ದರೂ ಬೇಕು. ಬೆಚ್ಚನೆಯ ಒಂದು ಪದರ, ಮಳೆಕೋಟು ಚೀಲದಲ್ಲಿರಲಿ.

ಹಾಫೆಲೆಕಾರ್‌ನಿಂದ ಊರಿಗೆ ನಡೆದೇ ಇಳಿದುಬಿಡೋಣ ಎಂಬ ಆಸೆ ಹುಟ್ಟುತ್ತದೆ. ಸುಮಾರು 1,700 ಮೀಟರ್ ಇಳಿಜಾರು ಅದು. ಮಾಡಿದರೆ ಮುಂದಿನ ಮೂರು ದಿನದ ಯೋಜನೆ ಬದಲಾಯಿಸಬೇಕಾಗುತ್ತದೆ. ಇನ್ನೂ ನಡೆಯಲೇಬೇಕೆಂದರೆ ಕ್ಯಾಬಿನ್ನಿನಲ್ಲಿ ಹುಂಗರ್‌ಬುರ್ಗ್‌ಗೆ ಬಂದು, ಅಲ್ಲಿಂದ ಕಾಡಿನ ದಾರಿಯಲ್ಲಿ ಬೆಟ್ಟದ ಊಟದ ಮನೆಗಳಾದ ಉಂಬ್ರುಗ್ಲರ್ ಆಲ್ಮ್ ಅಥವಾ ಆರ್ಟ್ಸ್ಲರ್ ಆಲ್ಮ್‌ವರೆಗೆ ಹೋಗಿಬನ್ನಿ. ಕೂತು ತಿನ್ನಲೂ ಸಿಗುತ್ತದೆ, ಮಂಡಿಯೂ ಉಳಿಯುತ್ತದೆ.

ದಾರಿಯಲ್ಲಿ ಹಸುಗಳು ಮೇಯುತ್ತಿರುತ್ತವೆ. ನಮ್ಮ ಕಡೆಯ ಅಭ್ಯಾಸದಂತೆ ಹತ್ತಿರ ಹೋಗಿ ಕತ್ತು ತುರಿಸುವುದು, ಕರುವನ್ನು ಮುಟ್ಟುವುದು ಬೇಡ. ಇವು ಬೇಸಿಗೆಯಿಡೀ ಬಯಲಲ್ಲಿ ಕರುವಿನ ಜೊತೆ ಇರುವ ಹಸುಗಳು, ಮನುಷ್ಯರನ್ನು ಹಾಯ್ದು ಸಾಯಿಸಿದ ಪ್ರಸಂಗಗಳೂ ಟಿರೋಲಿನಲ್ಲಿ ಆಗಿವೆ. ಇಪ್ಪತ್ತು ಮೀಟರಾದರೂ ದೂರದಿಂದ ಸುತ್ತಿ ಹೋಗಿ.

ಅವಘಡವಾದರೆ ಬೆಟ್ಟದ ರಕ್ಷಣಾ ದಳದ ಸಂಖ್ಯೆ 140, ಯುರೋಪಿನ ಸಾಮಾನ್ಯ ತುರ್ತು ಸಂಖ್ಯೆ 112. ಫೋನು ಸಿಗದಿದ್ದರೆ ಒಂದು ನಿಮಿಷದಲ್ಲಿ ಆರು ಸಲ ಸಿಳ್ಳೆ ಅಥವಾ ಟಾರ್ಚಿನ ಬೆಳಕು, ಒಂದು ನಿಮಿಷ ಬಿಡುವು, ಮತ್ತೆ ಆರು. ನಿಮಿಷಕ್ಕೆ ಮೂರು ಸಲ ಉತ್ತರ ಬಂದರೆ ನಿಮ್ಮ ಕರೆ ಮುಟ್ಟಿದೆ ಎಂದರ್ಥ.

ಎರಡನೇ ತುಂಡು: ಹೋಫ್‌ಕಿರ್ಖೆ, ಮಳೆಗೆ ಮೀಸಲು

ಇನ್ಸ್‌ಬ್ರುಕ್‌ನಲ್ಲಿ ಒಂದೇ ಒಂದು ಕಟ್ಟಡದ ಒಳಗೆ ಹೋಗಲು ಸಮಯ ಇದ್ದರೆ ಇದಕ್ಕೇ ಹೋಗಿ. 1553ರಿಂದ 1563ರ ನಡುವೆ ಚಕ್ರವರ್ತಿ ಒಂದನೇ ಫರ್ಡಿನಾಂಡ್ ತನ್ನ ತಾತ ಮ್ಯಾಕ್ಸಿಮಿಲಿಯನ್ನನ ಸ್ಮಾರಕಕ್ಕಾಗಿ ಕಟ್ಟಿಸಿದ ಚರ್ಚು. ನಡುವೆ ಕಬ್ಬಿಣದ ಕಟಾಂಜನದೊಳಗೆ ದೊಡ್ಡ ಅಮೃತಶಿಲೆಯ ಸಮಾಧಿ, ಮೇಲೆ ಮಂಡಿಯೂರಿದ ಚಕ್ರವರ್ತಿ. ಸಮಾಧಿ ಖಾಲಿ, ಅವನನ್ನು ಹೂಳಿರುವುದು ವಿಯೆನ್ನಾ ಬಳಿಯ ವೀನರ್ ನ್ಯೂಸ್ಟಾಟ್‌ನಲ್ಲಿ. ಎರಡೂ ಬದಿಗೆ ಆಳೆತ್ತರವನ್ನು ಮೀರಿದ 28 ಕಂಚಿನ ವಿಗ್ರಹಗಳು, ಅವನ ಪೂರ್ವಜರು, ಬಂಧುಗಳು, ಅವನು ತನ್ನವರೆಂದು ಭಾವಿಸಿದ ವೀರರು. ಮೊದಲ ಯೋಜನೆ 40 ವಿಗ್ರಹದ್ದಾಗಿತ್ತು.

ಒಳಗೆ ಹೋದವರು ಸಾಲಿನುದ್ದಕ್ಕೂ ನಡೆದು ಐದು ನಿಮಿಷದಲ್ಲಿ ಹೊರಬರುತ್ತಾರೆ. ಹೀಗೆ ನೋಡಿ. ಮೊದಲು ಹಿಂದಿನ ಬೆಂಚಿನಲ್ಲಿ ಕೂತು ಕಣ್ಣು ಕತ್ತಲಿಗೆ ಒಗ್ಗಲು ಬಿಡಿ. ಆಮೇಲೆ ವಿಗ್ರಹಗಳ ಕೈಗಳನ್ನಷ್ಟೇ ನೋಡುತ್ತಾ ಒಂದು ಸುತ್ತು. ಬೆರಳುಗಳು ಏನನ್ನೋ ಹಿಡಿದಂತೆ ಬಾಗಿವೆ, ಹಿಡಿದದ್ದು ಏನೂ ಇಲ್ಲ. ಶವಯಾತ್ರೆಯಲ್ಲಿ ಮೇಣದಬತ್ತಿ ಹಿಡಿದವರಂತೆ ಅವರನ್ನು ಎರಕ ಹೊಯ್ದದ್ದು. ಎರಡನೇ ಸುತ್ತಿನಲ್ಲಿ ಉಡುಪು ನೋಡಿ: ಕಸೂತಿ, ಸರಪಳಿಯ ಕೊಂಡಿ, ಜಡೆಯ ಎಳೆ ಎಲ್ಲ ಕಂಚಿನಲ್ಲೇ. ಶತಮಾನಗಳ ಕಾಲ ಕೈ ಸವರಿದ ಕಡೆ ಕಪ್ಪು ಕಂಚು ಹೊಳಪಾಗಿದೆ. ರಾಜ ಆರ್ಥರನ ವಿಗ್ರಹದ ಬಳಿ ಹೆಚ್ಚು ನಿಲ್ಲಿ. ವಿನ್ಯಾಸ ಜರ್ಮನ್ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರನದು, ಎರಕ ನ್ಯೂರೆಂಬರ್ಗಿನ ಪೀಟರ್ ಫಿಷರನದು. ಉಳಿದವರಲ್ಲಿ ಹೆಚ್ಚಿನವರು ಬಿಗಿದು ನಿಂತಿದ್ದರೆ ಇವನು ಒಂದು ಕಾಲ ಮೇಲೆ ಭಾರ ಬಿಟ್ಟು ಸಲೀಸಾಗಿ ನಿಂತಿದ್ದಾನೆ. ಸಮಾಧಿಯ ಬದಿಗಳಲ್ಲಿ ಅಲೆಕ್ಸಾಂಡರ್ ಕೋಲಿನ್ ಕೆತ್ತಿದ ಅಮೃತಶಿಲೆಯ ಫಲಕಗಳು, ಬೆರಳಿನಷ್ಟು ಗಾತ್ರದ ಸೈನಿಕರು. ಬಾಗಿಲ ಬಳಿ ಆಂಡ್ರಿಯಾಸ್ ಹೋಫರನ ಸಮಾಧಿ. 1809ರಲ್ಲಿ ನೆಪೋಲಿಯನ್ನನ ಪಕ್ಷದ ವಿರುದ್ಧ ಟಿರೋಲಿನ ರೈತರನ್ನು ಕಟ್ಟಿ ಬೆರ್ಗೀಸೆಲ್‌ನಲ್ಲಿ ಹೋರಾಡಿದವನು.

ಪ್ರವೇಶ ಪಕ್ಕದ ಜಾನಪದ ಮ್ಯೂಸಿಯಮ್ಮಿನ ಮೂಲಕ. ಅಲ್ಲಿ ಹಳೆಯ ರೈತಮನೆಗಳ ಮರದ ಕೋಣೆಗಳನ್ನು ಇದ್ದಂತೆಯೇ ತಂದು ನಿಲ್ಲಿಸಿದ್ದಾರೆ, ಒಲೆಯ ಸುತ್ತ ಕೂರುವ ಜಗಲಿಯೊಂದಿಗೆ. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುವುದರಿಂದ ಮಧ್ಯಾಹ್ನದ ಮೇಲೆ ಹೋಗಿ. ಸಮಯ ಉಳಿದರೆ ಹತ್ತಿರದ ಸಂತ ಜೇಮ್ಸ್ ಕ್ಯಾಥೆಡ್ರಲ್. ಮುಖ್ಯ ಪೀಠದಲ್ಲಿ ಲೂಕಾಸ್ ಕ್ರಾನಾಖ್ ಬರೆದ ಪುಟ್ಟ ಮೇರಿಯ ಚಿತ್ರ. ಹೋಫ್‌ಬುರ್ಗ್ ಅರಮನೆ ಮರಿಯಾ ತೆರೇಸಾ ನವೀಕರಿಸಿದ್ದು, ದೊಡ್ಡ ಸಭಾಂಗಣ ಭವ್ಯವಾಗಿದೆ. ಆದರೆ ವಿಯೆನ್ನಾಕ್ಕೂ ಹೋಗುವವರು ಇದನ್ನು ಬಿಡಬಹುದು.

ಎರಡನೇ ಚಾರಣ, ಮೂರನೇ ತುಂಡು

ದಕ್ಷಿಣದ ಬೆಟ್ಟಗಳ ಸ್ವಭಾವವೇ ಬೇರೆ. ಸುಣ್ಣಕಲ್ಲಿನ ಗೋಡೆ ಇಲ್ಲ, ದುಂಡು ಬೆನ್ನು, ಹುಲ್ಲು, ಗಟ್ಟಿ ನೆಲ. ಅದಕ್ಕೇ ಇದನ್ನು ಎರಡನೆಯದಾಗಿ ಇಟ್ಟಿದ್ದು. ಜೆ ಬಸ್ಸಿನಲ್ಲಿ ಪಾಚರ್‌ಕೋಫೆಲ್ ಲಿಫ್ಟಿನ ಬುಡಕ್ಕೆ ಹೋಗಿ, 1,964 ಮೀಟರಿನ ಮೇಲಿನ ನಿಲ್ದಾಣದಿಂದ ತ್ಸಿರ್ಬನ್‌ವೇಗ್ ಹಿಡಿಯಿರಿ. ಸುಮಾರು 7 ಕಿ.ಮೀ., ಎರಡೂವರೆಯಿಂದ ಮೂರು ಗಂಟೆ. ಹಳೆಯ ತ್ಸಿರ್ಬೆ ಪೈನ್ ಮರಗಳ ನಡುವೆ ದೊಡ್ಡ ಏರಿಳಿತವಿಲ್ಲದೆ ಟುಲ್ಫೈನಾಲ್ಮ್ ತಲುಪುತ್ತದೆ. ಅಲ್ಲಿಂದ ಗ್ಲುಂಗೆಟ್ಸರ್ ಲಿಫ್ಟಿನಲ್ಲಿ ಟುಲ್ಫೆಸ್ ಹಳ್ಳಿಗೆ ಇಳಿದು ಬಸ್ಸು. ಎರಡೂ ಲಿಫ್ಟು ಸೇರಿದ ಟಿಕೆಟ್ ಕೇಳಿ. ಹೊರಡುವ ಮುನ್ನ ಗ್ಲುಂಗೆಟ್ಸರ್ ಲಿಫ್ಟು ಆ ದಿನ ಓಡುತ್ತಿದೆಯೇ, ಕೊನೆಯದು ಎಷ್ಟಕ್ಕೆ ಎಂದು ಖಚಿತ ಮಾಡಿಕೊಳ್ಳಿ. ತಪ್ಪಿದರೆ ಸಾವಿರ ಮೀಟರಿಗಿಂತ ಹೆಚ್ಚು ನಡೆದೇ ಇಳಿಯಬೇಕು.

ಕಾಲು ಪೂರ್ತಿ ಸೋತ ದಿನಕ್ಕೆ 6ನೇ ಸಂಖ್ಯೆಯ ಟ್ರಾಮು. ಬೆರ್ಗೀಸೆಲ್‌ನಿಂದ ಹೊರಟು ಕಾಡಿನೊಳಗೇ ಸಾಗಿ ಇಗ್ಲ್ಸ್ ಹಳ್ಳಿಗೆ ಹೋಗುತ್ತದೆ, ನಡುವೆ ಆಂಬ್ರಾಸ್ ಅರಮನೆಯ ನಿಲ್ದಾಣ. ಟ್ರಾಮು ವಿರಳ, ವೇಳಾಪಟ್ಟಿ ನೋಡಿಕೊಳ್ಳಿ. ಆಂಬ್ರಾಸ್ ಟಿರೋಲಿನ ಎರಡನೇ ಫರ್ಡಿನಾಂಡನ ಅರಮನೆ. ಅವನು ಸಂಗ್ರಹಿಸಿದ ಹವಳ, ಕಡೆದ ಮರ, ವಿಚಿತ್ರ ಭಾವಚಿತ್ರಗಳ ಕೋಣೆ ಇಂದಿನ ಮ್ಯೂಸಿಯಂಗಳ ಪೂರ್ವರೂಪ. 43 ಮೀಟರ್ ಉದ್ದದ ಸ್ಪ್ಯಾನಿಷ್ ಸಭಾಂಗಣದ ಮರದ ಚಾವಣಿಗೆ ಕತ್ತು ಎತ್ತಿ ನೋಡಿ. ನವೆಂಬರಿನಲ್ಲಿ ಮುಚ್ಚಿರುತ್ತದೆ. ಹಾಲ್ ಪಟ್ಟಣ ಇನ್ನೊಂದು ಆಯ್ಕೆ: ಲೋಕಲ್ ರೈಲಿನಲ್ಲಿ ಹತ್ತು ನಿಮಿಷ, ಉಪ್ಪಿನ ಗಣಿಯಿಂದ ಬೆಳೆದ ಊರು. ಹಾಸೆಗ್ ಕೋಟೆಯಲ್ಲಿ ಹಳೆಯ ಟಂಕಸಾಲೆ ಇದೆ. 1486ರಲ್ಲಿ ಹಾಲ್‌ನಲ್ಲಿ ಅಚ್ಚಾದ ದೊಡ್ಡ ಬೆಳ್ಳಿ ನಾಣ್ಯದ ಮಾದರಿಯಲ್ಲೇ ಮುಂದೆ ಥಾಲರ್ ನಾಣ್ಯಗಳು ಬಂದವು. ಪ್ರವಾಸಿಗರ ಗದ್ದಲವೂ ಕಡಿಮೆ.

ಊಟ, ಭಾನುವಾರ, ಹೊರಡುವ ದಿನ

ಸಸ್ಯಾಹಾರಿಗಳಿಗೆ ಬೆಟ್ಟದ ಮೇಲೂ ಊಟ ಸಿಗುತ್ತದೆ, ಕೇಳಿ ತಿನ್ನಬೇಕು ಅಷ್ಟೆ. ಕಾಸ್‌ಪ್ರೆಸ್‌ಕ್ನ್ಯೋಡೆಲ್ ಎಂಬ ಚೀಸ್ ವಡೆ ಒಳ್ಳೆಯದು, ಆದರೆ ಅದನ್ನು ಹಾಕಿಕೊಡುವ ಸೂಪು ಹೆಚ್ಚಾಗಿ ದನದ ಮಾಂಸದ್ದು. ಸಲಾಡ್ ಜೊತೆ ಕೊಡಿ ಎನ್ನಿ. ಪಾಲಕ್ ಮತ್ತು ಮೊಸರುಗಿಣ್ಣು ತುಂಬಿದ ಷ್ಲುಟ್ಸ್‌ಕ್ರಾಪ್ಫೆನ್, ಚೀಸ್ ಷ್ಪೆಟ್ಸ್ಲೆ, ಸೇಬಿನ ಸ್ಟ್ರೂಡೆಲ್ ನಡೆಯುತ್ತವೆ. ಕೈಸರ್‌ಷ್ಮಾರನ್ ಸಿಹಿಯಲ್ಲಿ ಮೊಟ್ಟೆ ತುಂಬಾ, ಷ್ಪೆಟ್ಸ್ಲೆಯ ಹಿಟ್ಟಿನಲ್ಲೂ ಮೊಟ್ಟೆ. ಗ್ರ್ಯೋಸ್ಟ್ಲ್ ನೋಡಲು ಆಲೂಗಡ್ಡೆ ಹುರಿದದ್ದು, ಒಳಗೆ ಮಾಂಸ. 'ಓನೆ ಫ್ಲೈಶ್, ಓನೆ ಷ್ಪೆಕ್' ಎಂದರೆ ಮಾಂಸ ಬೇಡ, ಹಂದಿಮಾಂಸದ ಚೂರೂ ಬೇಡ ಎಂದು. ಎರಡನ್ನೂ ಹೇಳಿ, ಏಕೆಂದರೆ ಷ್ಪೆಕ್ ಅನ್ನು ಮಾಂಸವೆಂದು ಲೆಕ್ಕಕ್ಕೆ ತೆಗೆದುಕೊಳ್ಳದ ಅಡುಗೆಮನೆಗಳಿವೆ. ತಂಗುಮನೆಗಳಲ್ಲಿ ಕಾರ್ಡು ನಡೆಯದೆ ಇರಬಹುದು, ಐವತ್ತು ಯೂರೋ ನಗದು ಇರಲಿ.

ಭಾನುವಾರ ಸೂಪರ್ ಮಾರ್ಕೆಟ್ಟುಗಳು ಮುಚ್ಚಿರುತ್ತವೆ. ಸೋಮವಾರದ ಬೆಳಗಿನವರೆಗಿನ ಬ್ರೆಡ್ಡು, ಹಣ್ಣು, ಚೀಸನ್ನು ಶನಿವಾರವೇ ಕೊಳ್ಳಿ. ನದಿದಂಡೆಯ ಮಾರುಕಟ್ಟೆ ಕಟ್ಟಡವೂ ಶನಿವಾರ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತದೆ. ಮರೆತರೆ ರೈಲು ನಿಲ್ದಾಣದೊಳಗಿನ ಅಂಗಡಿ ಗತಿ.

ಹೊರಡುವ ದಿನ ಬೆಟ್ಟ ಇಟ್ಟುಕೊಳ್ಳಬೇಡಿ. ಗಾಳಿಗೆ ಕೇಬಲ್ ಕಾರು ನಿಂತರೆ ರೈಲು ತಪ್ಪುತ್ತದೆ. ಚೀಲವನ್ನು ನಿಲ್ದಾಣದ ಲಾಕರಿನಲ್ಲಿಟ್ಟು, ಬೆಳಗಿನ ಬಿಸಿಲಿನಲ್ಲಿ ಮರಿಯಾಹಿಲ್ಫ್ ಸಾಲಿನ ಫೋಟೋ ತೆಗೆದು, ಮಾರುಕಟ್ಟೆಯಲ್ಲಿ ದಾರಿಯ ಊಟ ಕಟ್ಟಿಸಿಕೊಳ್ಳಿ. ಮ್ಯೂನಿಕ್‌ಗೆ ನೇರ ರೈಲಿನಲ್ಲಿ ಸುಮಾರು ಒಂದೂಮುಕ್ಕಾಲು ಗಂಟೆ, ಜ್ಯೂರಿಕ್‌ಗೆ ಮೂರೂವರೆ. ಜರ್ಮನಿಯ ಗಡಿಯಲ್ಲಿ ಪೊಲೀಸರು ರೈಲು ಹತ್ತಿ ದಾಖಲೆ ನೋಡುವುದುಂಟು, ಪಾಸ್‌ಪೋರ್ಟ್ ಮೇಲಿನ ಚೀಲದಲ್ಲೇ ಇರಲಿ. ಚಾರಣದ ಕೋಲುಗಳನ್ನು ವಿಮಾನದ ಒಳಗೆ ಬಿಡುವುದಿಲ್ಲ, ಮಡಚಿ ದೊಡ್ಡ ಚೀಲಕ್ಕೆ ಹಾಕಿ. ಅದೇ ದಿನ ವಿಮಾನ ಇದ್ದರೆ ಒಂದು ರೈಲು ತಪ್ಪಿದರೂ ಮುಂದಿನದರಲ್ಲಿ ತಲುಪುವಷ್ಟು ಬೇಗ ಹೊರಡಿ.